ಹಳದಿ ರಿಬ್ಬನ್ನಿನ ದಾರಿ

ಪ್ರತಿ ವರ್ಷದ ಕಾಡಿನ ಓಟದ ದಾರಿಗೆ ಗುರುತು ಹಾಕುವ ಕೆಲಸವನ್ನು ಆರ್ಲೆತ್‌ಗೆ ವಹಿಸಿದ್ದೇ ಮೊಂತ್ರೆಸಾಕ್ ಊರಿನವರು ಮಾಡಿದ ತಪ್ಪು. ಹಾಗಂತ ಅವರನ್ನು ದೂರುವಂತಿಲ್ಲ. ಬೆಟ್ಟದ ಒಂಟಿಮನೆಗಳಿಗೆಲ್ಲ ಮೂವತ್ತು ವರ್ಷ ಅಂಚೆ ಹಂಚಿದವಳು, ಆ ಕಾಡಿನ ಕಾಲುದಾರಿ ಒಂದೊಂದೂ ಅವಳಿಗೆ ಗೊತ್ತು. ಶನಿವಾರ ಸಂಜೆ ಅವಳು ಮರದಿಂದ ಮರಕ್ಕೆ ಹಳದಿ ರಿಬ್ಬನ್ ಕಟ್ಟಿ ಬಂದರೆ, ಭಾನುವಾರ ಅರವತ್ತು ಜನ ಕಣ್ಣು ಮುಚ್ಚಿಕೊಂಡು ಅದರ ಹಿಂದೆ ಓಡುತ್ತಿದ್ದರು.

ಈ ವರ್ಷ ಸಮಿತಿಯವರು ನಕ್ಷೆಯ ಮೇಲೆ ಹೊಸ ಗೆರೆ ಎಳೆದರು. ಮುರಿದ ಶಿಲುಬೆಯ ಹತ್ತಿರ ದಾರಿ ಕವಲೊಡೆಯುತ್ತದಲ್ಲ, ಅಲ್ಲಿ ಎಡಕ್ಕೆ ಇಳಿದು ಚೆಸ್ಟ್‌ನಟ್ ಮರಗಳ ತಗ್ಗಿನ ಮೂಲಕ ಓಟ ಸಾಗಬೇಕು. ಆರ್ಲೆತ್‌ಗೆ ಅದು ಬೇಡವಾಗಿತ್ತು. ಆ ತಗ್ಗಿನಲ್ಲಿ ಪ್ರತಿ ಶರತ್ಕಾಲದಲ್ಲೂ ಜನ ಬಾಯಿ ಚಪ್ಪರಿಸುವ ಸೆಪ್ ಅಣಬೆ ಏಳುತ್ತದೆ, ಒಂದೊಂದೂ ಅಂಗೈ ಅಗಲ. ಆ ಸೀಮೆಯಲ್ಲಿ ಜನ ಗಂಡನ ಗುಟ್ಟನ್ನಾದರೂ ಹೇಳಿಬಿಟ್ಟಾರು, ಅಣಬೆಯ ಜಾಗವನ್ನು ಹೇಳುವುದಿಲ್ಲ. ಸಭೆಯಲ್ಲಿ ಬೇಡವೆಂದು ಬಾಯಿ ತೆರೆದಿದ್ದರೆ ತಾನೇ ಜಾಗ ತೋರಿಸಿಕೊಟ್ಟಂತೆ. ಅವಳು ತೆಪ್ಪಗೆ ತಲೆಯಾಡಿಸಿ ಬಂದಳು.

ಅದು ಅವಳ ಅಪ್ಪ ಸಾಯುವ ಮುಂಚೆ ಹೇಳಿದ ಜಾಗ. ಅಪ್ಪ ಹೇಳಿದ್ದು ಎರಡು ಮಾತು. ಒಂದು, ಜಾಗ ಎಲ್ಲಿದೆ ಅಂತ. ಇನ್ನೊಂದು, ಅದನ್ನು ಅಣ್ಣ ಫೆರ್ನಾಂಗೂ ತೋರಿಸು ಅಂತ. ಎರಡನೆಯದನ್ನು ಅವಳು ನುಂಗಿಕೊಂಡಳು. ಅಣ್ಣ ಬಂದು ಕೇಳಿದಾಗ ಅಪ್ಪ ಏನೂ ಹೇಳಲಿಲ್ಲ ಎಂದಳು. ಫೆರ್ನಾಂ ನಂಬಲಿಲ್ಲ, ತಂಗಿಗೆ ಹೇಳಿ ತನ್ನನ್ನು ಅಪ್ಪ ಹೊರಗಿಟ್ಟ ಎಂದುಕೊಂಡ. ಅಂದಿನಿಂದ ಇಪ್ಪತ್ತಮೂರು ವರ್ಷ ಅವನು ಅಪ್ಪನ ಸಮಾಧಿಯ ಕಡೆ ತಲೆ ಹಾಕಿಲ್ಲ.

ಹೀಗಾಗಿ ಶನಿವಾರ ಸಂಜೆ ಆರ್ಲೆತ್ ಕವಲಿನಲ್ಲಿ ರಿಬ್ಬನ್ನನ್ನು ಎಡಕ್ಕೆ ಕಟ್ಟಲಿಲ್ಲ, ಬಲಕ್ಕೆ ಕಟ್ಟಿದಳು. ಮರದ ಸೇತುವೆಯಲ್ಲಿ ಹಳ್ಳ ದಾಟಿ, ಆಚೆ ದಡದಲ್ಲಿ ಒಂದಿಷ್ಟು ಓಡಿ, ಮುಂದಿನ ಸೇತುವೆಯಲ್ಲಿ ವಾಪಸು. ನಾನೂರು ಮೀಟರ್ ಹೆಚ್ಚು, ಅಷ್ಟೇ. ಭಾನುವಾರ ಹಂದಿ ಬೇಟೆಗೆ ಹೋಗುವ ಫೆರ್ನಾಂನ ತಂಡದವರು ಹೇಗೂ ಈ ವಾರ ಹಳ್ಳದ ಕಡೆ ಬರದೆ ಮೇಲಿನ ಬಯಲಿಗೆ ಹೋಗುತ್ತಾರೆಂದು ಅವಳಿಗೆ ಗೊತ್ತಾಗಿತ್ತು. ಮನೆಗೆ ಬಂದು ಸೂಪು ಕುಡಿದು ನೆಮ್ಮದಿಯಾಗಿ ಮಲಗಿದಳು, ಪುಣ್ಯಾತ್ಗಿತ್ತಿ.

ಭಾನುವಾರ ಒಂಬತ್ತಕ್ಕೆ ಓಟ ಹೊರಟಿತು. ಎಲ್ಲರಿಗಿಂತ ಮುಂದೆ ಫೆರ್ನಾಂನ ಒಬ್ಬಳೇ ಮಗಳು ಮೆಲೀನ್. "ಅತ್ತೆ, ಈ ಸಲ ಕಪ್ ನಂದೇ" ಎಂದು ಕೂಗಿ, ಕಂದು ಬಣ್ಣದ ಅಂಗಿಯಲ್ಲಿ ಚರ್ಚಿನ ತಿರುವು ದಾಟಿ ಮಾಯವಾದಳು. ಆರ್ಲೆತ್ ಕಾಫಿಯ ಮೇಜಿನ ಹತ್ತಿರ ಹೋದಳು. ಅಲ್ಲಿ ಬೇಕರಿಯ ಸಿಮೋನ್ ಕಪ್ಪುಗಳಿಗೆ ಕಾಫಿ ಸುರಿಯುತ್ತಿದ್ದಳು.

"ನಿಮ್ಮಣ್ಣ ಬೆಳಿಗ್ಗೆ ಆರಕ್ಕೇ ಬಂದಿದ್ದ ಕಣೇ" ಎಂದಳು ಸಿಮೋನ್. "ಹಳ್ಳದ ಆಚೆ ಹಂದಿ ಹೆಜ್ಜೆ ಸಿಕ್ಕಿದ್ಯಂತೆ, ದೊಡ್ಡ ಹಿಂಡು. ಬಯಲು ಬಿಟ್ಟು ಇವತ್ತು ಅಲ್ಲೇ ಬೇಟೆ."

"ಅಲ್ಲೇ ಅಂದ್ರೆ?"

"ಹಳ್ಳದ ಆಚೆ ದಡ. ನಮ್ಮ ಮೇಯರ್ ನಕ್ಷೆ ತೋರಿಸಿದ್ರು. ಓಟದವರು ಯಾರೂ ಹಳ್ಳ ದಾಟಲ್ವಲ್ಲ, ಹೋಗು ಅಂದ್ರು. ಒಂಬತ್ತೂವರೆಗೆ ನಾಯಿ ಬಿಡ್ತಾರೆ. ಯಾಕೇ, ಮುಖ ಹಾಗೆ ಬಿಳಿಚ್ಕೊಂಡಿದೆ?"

ಆಗಲೇ ಒಂಬತ್ತು ಇಪ್ಪತ್ತು. ಕಣಿವೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಆರ್ಲೆತ್ ತನ್ನ ಹಳೆಯ ವ್ಯಾನನ್ನು ರಸ್ತೆ ಮುಗಿಯುವ ಮರದ ಮಿಲ್ಲಿನವರೆಗೆ ಓಡಿಸಿ, ಬಾಗಿಲನ್ನೂ ಹಾಕದೆ ಇಳಿದು, ಏರುದಾರಿ ಹಿಡಿದು ಓಡಿದಳು. ಅರವತ್ತರ ಮಂಡಿ ಬೇಡ ಬೇಡವೆಂದಿತು. ಅವಳು ಕೇಳಲಿಲ್ಲ. ಮುರಿದ ಶಿಲುಬೆ ಮುಟ್ಟುವಷ್ಟರಲ್ಲಿ ಹಳ್ಳದ ಆಚೆಯಿಂದ ನಾಯಿಗಳು ಬೊಗಳುವುದು ಕೇಳಿಸಿತು.

ಶಾಲೆಯ ಮೇಷ್ಟ್ರು ಬ್ರಿಸ್ ಏದುಸಿರು ಬಿಡುತ್ತ ಬರುತ್ತಿದ್ದ.

"ಮೇಷ್ಟ್ರೇ, ನಿಮಗಿಂತ ಮುಂದೆ ಯಾರ್ಯಾರಿದಾರೆ?"

"ಮೆಲೀನ್ ಒಬ್ಳೇ. ಅವಳ ಬೆನ್ನು ಕಂಡು ಎಷ್ಟು ಹೊತ್ತಾಯ್ತೋ. ಆ ಹುಡುಗಿ ಓಡೋದಲ್ಲ, ಹಾರೋದು."

ಆರ್ಲೆತ್ ಬಲಗಡೆಯ ರಿಬ್ಬನ್ನನ್ನು ಪರಪರ ಕಿತ್ತಳು. "ಇಲ್ಲೇ ನಿಂತ್ಕೊಳ್ಳಿ. ಒಂದು ನರಪಿಳ್ಳೇನೂ ಹಳ್ಳ ದಾಟಬಾರ್ದು. ಎಲ್ಲರನ್ನೂ ಎಡಕ್ಕೆ ಕಳಿಸಿ."

"ಎಡಕ್ಕಾ? ಅಲ್ಲಿ ಏನಿದೆ?"

"ಚೆಸ್ಟ್‌ನಟ್ ತಗ್ಗು. ಅದರ ನಡುವೇನೇ ದಾರಿ ಇದೆ. ಕಳಿಸಿ ಅಂದ್ನಲ್ಲ!"

ಅವಳು ಸೇತುವೆ ದಾಟಿದಳು. "ಮೆಲೀನ್!" ಎಂದು ಕೂಗಿದಳು. ನಾಯಿಗಳ ಗಲಾಟೆಯಲ್ಲಿ ಆ ಕೂಗು ಎಲ್ಲಿಗೂ ತಲುಪಲಿಲ್ಲ. ದೂರದಲ್ಲಿ ಒಂದು ಗುಂಡು ಹಾರಿತು. ಆರ್ಲೆತ್ ಅಲ್ಲೇ ಕುಕ್ಕರಿಸಿ, ದೇವರೇ ದೇವರೇ ಎಂದು ಮತ್ತೆ ಎದ್ದಳು. ಬೇಟೆಯ ಮುಖಂಡ ಫೆರ್ನಾಂ. ಕೊಂಬು ಇರುವುದು ಅವನ ಕೊರಳಲ್ಲಿ. ಅವನು ಮೂರು ಸಲ ಊದಿದರೆ ಮಾತ್ರ ಎಲ್ಲ ಬಂದೂಕುಗಳೂ ಕೆಳಗಿಳಿಯುತ್ತವೆ. ಅವನು ಎಲ್ಲಿ ನಿಂತಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ, ದೊಡ್ಡ ಬಂಡೆಯ ಕೆಳಗೆ.

ಫೆರ್ನಾಂನ ಕಿತ್ತಳೆ ಬಣ್ಣದ ಬೇಟೆಯ ಟೋಪಿ ಕಂಡಿತು. ಬಂದೂಕು ಆಗಲೇ ಹೆಗಲೇರಿತ್ತು. ಮೂವತ್ತು ಹೆಜ್ಜೆ ಆಚೆ, ಎದೆಯೆತ್ತರದ ಜರೀಗಿಡಗಳು ಅಲುಗಾಡುತ್ತಿದ್ದವು.

"ಫೆರ್ನಾಂ! ಹೊಡೀಬೇಡ!"

"ಬಾಯ್ಮುಚ್ಚೇ. ಹಂದಿ ಬರ್ತಿದೆ." ಅವನು ತಿರುಗಲಿಲ್ಲ.

"ಓಟದವರು ಈ ದಡದಲ್ಲಿದಾರೆ."

"ನಕ್ಷೆ ನಾನೂ ನೋಡಿದೀನಿ. ನನ್ನ ಬೇಟೆ ಕೆಡಿಸೋಕೆ ಈ ವಯಸ್ಸಲ್ಲಿ ಬೆಟ್ಟ ಹತ್ಕೊಂಡು ಬಂದ್ಯಾ?"

"ರಿಬ್ಬನ್ ತಿರುಗಿಸಿದ್ದು ನಾನು."

"ನೀನ್ಯಾಕೆ ತಿರುಗಿಸ್ತೀಯ?"

ಜರೀಗಿಡ ಇನ್ನೂ ಹತ್ತಿರದಲ್ಲಿ ಅಲುಗಿತು. ಅವನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಬೇರೆ ಯಾವ ಕಾರಣ ಹೇಳಿದರೂ ಫೆರ್ನಾಂ ನಂಬುತ್ತಿರಲಿಲ್ಲ. ಅವನು ನಂಬುವಂಥದ್ದು ಒಂದೇ ಇತ್ತು.

"ಅಪ್ಪನ ಅಣಬೆ ಜಾಗ ಅಲ್ಲಿ ಕೆಳಗಿದೆ, ಚೆಸ್ಟ್‌ನಟ್ ತಗ್ಗಲ್ಲಿ. ಯಾರ ಕಣ್ಣಿಗೂ ಬೀಳಬಾರ್ದು ಅಂತ ತಿರುಗಿಸ್ದೆ. ಎಲ್ಲರಿಗಿಂತ ಮುಂದೆ ಓಡ್ತಿರೋಳು ಮೆಲೀನ್ ಕಣೋ!"

ನಳಿಕೆ ನೆಲಕ್ಕೆ ಬಾಗಿತು. ಆಮೇಲೆ ಜರೀಗಿಡ ಸರಿಸಿಕೊಂಡು, ಒಂದು ಕಾಲು ಕುಂಟುತ್ತ, ಕಂದು ಅಂಗಿಯ ಮೆಲೀನ್ ಹೊರಗೆ ಬಂದಳು.

"ಅಪ್ಪಾ! ಹಂದಿ ಎದುರಿಗೇ ಬಂತು, ದಾರಿ ಬಿಟ್ಟು ಒಳಗೆ ನುಗ್ಗಿಬಿಟ್ಟೆ. ನೀವಿಬ್ರೂ ಇಲ್ಲೇನ್ ಮಾಡ್ತಿದೀರ?"

ಫೆರ್ನಾಂ ಬಂದೂಕಿನ ನಳಿಕೆ ಮಡಚಿ ತೋಟಾಗಳನ್ನು ಹೊರತೆಗೆದ. ಒಂದು ಕೈಜಾರಿ ಎಲೆಗಳ ನಡುವೆ ಬಿತ್ತು. ಕೊಂಬನ್ನು ತುಟಿಗಿಟ್ಟರೆ ಮೊದಲು ಬರೀ ಗಾಳಿ ಬಂತು. ಎರಡನೆಯ ಸಲಕ್ಕೆ ದನಿ ಹೊರಟಿತು. ಮೂರು ಸಲ, ಉದ್ದಕ್ಕೆ ಊದಿದ.

ಕಾಡು ತಣ್ಣಗಾಯಿತು. ಮೂವರೂ ಹಳ್ಳ ದಾಟಿ ತಗ್ಗಿಗೆ ಇಳಿದರು. ಓಟಗಾರರು ಆಗಲೇ ಹಾದುಹೋಗಿದ್ದರು. ಎಲೆರಾಶಿ ಕಲಸಿ ಕೆಸರಾಗಿತ್ತು, ಅಣಬೆಗಳು ತುಳಿತಕ್ಕೆ ಸಿಕ್ಕಿ ಚಪ್ಪಟೆಯಾಗಿದ್ದವು. ಮೆಲೀನ್ ಒಂದು ಮರಕ್ಕೊರಗಿ ಕೂತು ಶೂ ಬಿಚ್ಚಿ ಕಾಲು ಉಜ್ಜಿಕೊಳ್ಳತೊಡಗಿದಳು. ಫೆರ್ನಾಂ ಬಗ್ಗಿ ಒಂದು ಚೂರನ್ನು ಎತ್ತಿಕೊಂಡು ಮೂಸಿದ. ತುಂಬ ಹೊತ್ತು ಮೂಸಿದ.

ಆರ್ಲೆತ್ ಅಲ್ಲಿಗೇ ನಿಲ್ಲಿಸಬಹುದಿತ್ತು. ಜಾಗ ಹೇಳಿಯಾಗಿತ್ತು, ಹುಡುಗಿ ಉಳಿದಿದ್ದಳು. ಆದರೆ ಅಣ್ಣನ ಬಗ್ಗಿದ ಬೆನ್ನು ನೋಡಿ ಅವಳು ಬಾಯಿ ತೆರೆದಳು.

"ನಿನಗೂ ತೋರಿಸು ಅಂದಿದ್ದ" ಎಂದಳು. "ಅಪ್ಪ. ನಿನ್ನ ಹೆಸರು ಹಿಡಿದೇ ಹೇಳಿದ್ದ. ನಾನೇ ಮುಚ್ಚಿಟ್ಟೆ."

ಫೆರ್ನಾಂ ನಿಧಾನವಾಗಿ ನೆಟ್ಟಗಾದ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಆ ಅಣಬೆಯ ಚೂರನ್ನು ಕೋಟಿನ ಜೇಬಿಗೆ ಹಾಕಿಕೊಂಡ.

"ಬರೋ ಶುಕ್ರವಾರ ಸಕಲ ಸಂತರ ಹಬ್ಬ ಅಲ್ವಾ?"

"ಹೌದು."

"ಅಪ್ಪನ ಸಮಾಧಿಗೆ ಸೇವಂತಿಗೆ ಕುಂಡ ಇಡೋಕೆ ಎಷ್ಟು ಹೊತ್ತಿಗೆ ಹೋಗ್ತೀಯ?"

"ಬೆಳಿಗ್ಗೆ. ಪೂಜೆ ಮುಗಿದ ಮೇಲೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನೀನೂ ಬರ್ತೀಯಾ ಫೆರ್ನಾಂ?"

ಅವನು ಮಗಳಿಗೆ ಕೈಕೊಟ್ಟು ಎಬ್ಬಿಸಿದ, ಅವಳ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡ.

"ನಾನು ಮಧ್ಯಾಹ್ನ ಹೋಗ್ತೀನಿ" ಎಂದ. "ಅಷ್ಟೊತ್ತಿಗೆ ನೀನು ಅಲ್ಲಿರಬೇಡ."