ಹೆಬ್ಬೆರಳಿನ ಅಳತೆ

ಗೋಡೆಗೆ ಕಿವಿ ಹಚ್ಚಿ ಮಲಗುವ ಚಾಳಿ ನನಗೆ ಅಂಟಿಕೊಂಡಿದೆ. ಯಾರಿಗೂ ಹೇಳಿಲ್ಲ. ಆಚೆ ಕೋಣೆಯಲ್ಲಿ ಅಣ್ಣ ಮೋಕ್ಷಕ್ಕೆಂದು ಕೂತಿದ್ದಾನೆ. ಮೊದಲು ಅನ್ನ ಬಿಟ್ಟ, ಆಮೇಲೆ ಮಾತು. ಈಗ ಹಾಲಿನ ಲೋಟವನ್ನೂ ಬಾಗಿಲಾಚೆ ಸರಿಸಿಬಿಡುತ್ತಾನೆ. ಅವನ ಉಸಿರು ಕೇಳಿಸಿದರಷ್ಟೇ ನನಗೆ ನಿದ್ದೆ. ಈಚೆಗೆ ಕೇಳಿಸುವುದೇ ಕಡಿಮೆ.

ಉಳಿದವರಿಗೆ ಇದು ಊಟದ ಹೊತ್ತಿನ ಚರ್ಚೆ.

"ಭಕ್ತಿ ಒಂದಿದ್ರೆ ಸಾಕಪ್ಪ. ಕರೆದ್ರೆ ದೇವರೇ ಬಂದು ಕೈ ಹಿಡೀತಾನೆ," ಎಂದರು ಅತ್ತೆ.

"ನೀನು ಕರೆದ್ರೆ ಪಕ್ಕದ್ಮನೆಯೋರೂ ಬರಲ್ಲ ಅಕ್ಕಾ," ಎಂದರು ಚಿಕ್ಕಪ್ಪ. ಪಾಠ ಹೇಳಿ ನಿವೃತ್ತರಾದವರು. "ತಾನು ಯಾರು ಅಂತ ತಿಳ್ಕೊಂಡ್ರೇನೇ ಬಿಡುಗಡೆ. ಹುಡುಗ ಜ್ಞಾನದ ದಾರೀಲಿದ್ದಾನೆ."

"ನಂದು ಕೆಲ್ಸದ ದಾರಿ," ಎಂದರು ಅಪ್ಪ. ಅವರು ದರ್ಜಿ. "ಫಲ ಕೇಳದೆ ಹೊಲೀತಾ ಹೋಗೋದು. ಅವನ ದಾರಿ ಅವನಿಗೆ. ಯಾರೂ ಅಡ್ಡ ಹೋಗ್ಬೇಡಿ." ಆಮೇಲೆ ನನ್ನ ಕಡೆ ತಿರುಗಿ, "ಅವನಿಗೊಂದು ಬಿಳಿ ಅಂಗಿ ಹೊಲೀತೀನಿ. ಅಳತೆ ತಗೊಂಡ್ಬಾರಮ್ಮ," ಎಂದರು.

ಬಿಳಿ ಎಂದಾಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಎದ್ದೆ.

ಮನೆ ಮುಂದಿನ ಅಂಗಡಿಯಲ್ಲಿ ಹೆಂಗಸರ, ಮಕ್ಕಳ ಅಳತೆ ತೆಗೆಯುವುದು ನಾನು. ಡಿಗ್ರಿ ಮುಗಿಸಿದ್ದರೂ ಗಿರಾಕಿಗಳೆದುರು ಬಾಯಿ ಬಾರದು. ಟೇಪು ಕೂಡಿದ ಕಡೆ ಹೆಬ್ಬೆರಳು ಒತ್ತಿ ಹಿಡಿದು ಅಪ್ಪನಿಗೆ ತೋರಿಸುತ್ತೇನೆ, ಅವರು ನೋಡಿ ಬರೆದುಕೊಳ್ಳುತ್ತಾರೆ.

ಅಣ್ಣನ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಅವನು ಗೋಡೆಗೊರಗಿ ಕೂತಿದ್ದ, ತುಟಿ ಒಡೆದಿತ್ತು. ಎದೆಗೆ ಟೇಪು ಸುತ್ತಿದೆ. ಸುತ್ತು ಮುಗಿದರೂ ಟೇಪು ಮುಗಿಯಲಿಲ್ಲ, ಎಳೆದಷ್ಟೂ ಬಂತು. ಬೆರಳ ಕೆಳಗೆ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು. ಹೆಬ್ಬೆರಳು ಒತ್ತಿ ಏಳಹೊರಟರೆ ಟೇಪಿನ ಇನ್ನೊಂದು ತುದಿ ಬಿಗಿಯಿತು. ಅಣ್ಣ ಅದನ್ನು ಹಿಡಿದುಕೊಂಡಿದ್ದ. ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡೆ.

ಅಂಗಡಿಗೆ ಬಂದು ಹೆಬ್ಬೆರಳು ತೋರಿಸಿದೆ. ಚಿಕ್ಕಪ್ಪ, ಅತ್ತೆ ಅಲ್ಲೇ ಇದ್ದರು, ಇನ್ನೂ ದಾರಿಯ ಮಾತೇ. ಅಪ್ಪ ಯಂತ್ರ ತುಳಿಯುತ್ತಲೇ ಕನ್ನಡಕ ಸರಿಮಾಡಿಕೊಂಡು ನಕ್ಕರು.

"ಇದ್ಯಾವ ಸ್ಕೂಲ್ ಹುಡುಗಂದು ತಂದ್ಯಮ್ಮ? ನಿಮ್ಮಣ್ಣಂದು ಕೇಳಿದ್ದು ನಾನು."

ಎಂದಿನಂತೆ ತಲೆ ತಗ್ಗಿಸಬಹುದಿತ್ತು. ಹೆಬ್ಬೆರಳು ಕೆಂಪಾಗಿತ್ತು, ಎತ್ತಲಿಲ್ಲ.

"ಇದು ಅಣ್ಣಂದೇ ಅಪ್ಪಾ," ಎಂದೆ. ಹೊಲಿಗೆ ಯಂತ್ರ ನಿಂತಿತು. "ಅವನು ಸಾಯ್ತಾ ಇದ್ದಾನೆ."