ಸೀಟು ಹಿಡಿದ ಕೋಲುಗಳು

ಊರ ದಾರಿ ಬಸ್ಸಿನ ರಸ್ತೆಗೆ ಕೂಡುವ ದಿಗ್ಗೇವಾಡಿ ಫಾಟಾದಲ್ಲಿ ಬಸ್ಸಿಗೆ ನಿಂತವರು ಮೊದಲು ತಾವು ಹತ್ತುವುದಿಲ್ಲ, ತಮ್ಮ ಟಾವೆಲ್ಲನ್ನು ಹತ್ತಿಸುತ್ತಾರೆ. ರಾಯಬಾಗದ ಕಡೆಯಿಂದ ಬರುವ ನಿಪ್ಪಾಣಿ ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಕಿಟಕಿಗಳೊಳಗೆ ಟಾವೆಲ್ಲು, ಟೊಪ್ಪಿಗೆ, ಬುತ್ತಿಯ ಚೀಲ, ಏನೂ ಇಲ್ಲದವನ ಒಂದು ಚಪ್ಪಲಿ ಕೂಡ ಬೀಳತೊಡಗುತ್ತವೆ. ಬಿದ್ದದ್ದು ಯಾವ ಸೀಟಿನ ಮೇಲೋ ಆ ಸೀಟು ಎಸೆದವನದು. ಇದನ್ನು ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೆ ಬರೆದ ಕಾನೂನಿಗಿಲ್ಲದ ಮರ್ಯಾದೆ ಇದಕ್ಕಿದೆ. ಬಸ್ಸಿನ ತುಂಬ ಜನ ಜೋತುಬಿದ್ದು ನಿಂತಿದ್ದರೂ ಇನ್ನೊಬ್ಬರ ಟಾವೆಲ್ಲು ಸರಿಸಿ ಕೂಡ್ರುವ ಗಂಡಸು ಆ ಸೀಮೆಯಲ್ಲಿ ಹುಟ್ಟಿಲ್ಲ.

ನೀಲಮಳ ಸೀಟು ಹಿಡಿಯುತ್ತಿದ್ದುದು ಅವಳ ಊರುಗೋಲು.

ಸಣ್ಣವಳಿದ್ದಾಗ ಬಂದ ಜ್ವರ ಅವಳ ಎರಡೂ ಕಾಲುಗಳ ಬಲವನ್ನು ಹೀರಿಕೊಂಡು ಹೋಗಿತ್ತು. ಕಂಕುಳಲ್ಲಿ ಎರಡು ಕೋಲಿದ್ದರೆ ನೆಲದ ಮೇಲೆ ಅವಳು ಯಾರಿಗೂ ಸೋಲುವವಳಲ್ಲ. ಆದರೆ ಸರಕಾರಿ ಬಸ್ಸಿನ ಮೊದಲ ಮೆಟ್ಟಿಲು ಅವಳ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಬಸ್ಸು ಮಾಡಿದವನ ಮನೆಯಲ್ಲಿ ಮುದುಕರಿರಲಿಲ್ಲವೋ, ಬಸುರಿಯರಿರಲಿಲ್ಲವೋ, ಅಥವಾ ಅವನ ಮನೆಯವರು ಯಾರೂ ಬಸ್ಸಿನಲ್ಲಿ ಓಡಾಡುವವರೇ ಅಲ್ಲವೋ.

ಎರಡು ವರ್ಷಗಳ ಹಿಂದೆ ಅವಳಿದ್ದ ಓಣಿ ಭೀಮನಗರದ ಸಂಭಾಜಿ, ಸಮಾಜ ಮಂದಿರದಲ್ಲಿ ಹುಡುಗರನ್ನು ಕೂಡಿಸಿಕೊಂಡು ಪುಸ್ತಕ ಓದಿಸುವ ಹಿರಿಯ, ಸುತ್ತಲಿನ ಹಳ್ಳಿಗಳ ಅಂಗವಿಕಲರನ್ನೆಲ್ಲ ಎತ್ತಿನಗಾಡಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಹೋಗಿ ಡಿಪೊದ ಗೇಟಿಗೆ ಅಡ್ಡ ಮಲಗಿಸಿದ್ದ. ನೀಲಮಳೂ ಮಲಗಿದ್ದಳು. ಬಸ್ಸುಗಳು ಹೊರಗೆ ಬರದಾದಾಗ ಸಾಹೇಬರು ಹೊರಗೆ ಬಂದರು. ಕಡೆಗೊಂದು ಒಪ್ಪಂದವಾಯಿತು. ದಾನಿಗಳ ಸಂಸ್ಥೆಯೊಂದು ಹಿಂದೆ ಇಳಿಜಾರು ಹಲಗೆಯಿರುವ ಒಂದು ಮೂರು ಗಾಲಿ ಗಾಡಿ ಕೊಡುವುದು, ಆ ಗಾಡಿ ನಡೆಯಲಾರದವರನ್ನು ಮನೆಬಾಗಿಲಿಂದ ಫಾಟಾಕ್ಕೆ ತಂದು ಬಿಡುವುದು, ಅಲ್ಲಿಂದ ಮುಂದೆ ಬಸ್ಸು ಅವರನ್ನು ಕಾದು ಕರೆದುಕೊಂಡು ಹೋಗುವುದು. ಗಾಡಿಯೇ ನೆಟ್ಟಗೆ ಪೇಟೆಗೆ ಹೋದರಾಗದೇ ಎಂದು ಸಂಭಾಜಿ ಕೇಳಿದ್ದ. ಆಗದು, ಮುಂದಿನದು ಬಸ್ಸಿನ ದಾರಿ, ಅಲ್ಲಿ ಖಾಸಗಿ ಗಾಡಿ ಮಂದಿಯನ್ನು ಹೇರಿದರೆ ಜಪ್ತಿ ಎಂದರು. ಹೀಗೆ ಫಾಟಾದ ತನಕ ಗಾಡಿಯವರು, ಫಾಟಾದಿಂದ ಬಸ್ಸಿನವರು. ಗಾಡಿ ನಿಲ್ಲುವ ಈ ಮಗ್ಗುಲಿಗೂ ಬಸ್ಸು ನಿಲ್ಲುವ ಆ ಮಗ್ಗುಲಿಗೂ ನಡುವೆ ಬಿದ್ದಿದ್ದ ಡಾಂಬರು ಯಾರದು, ಅದನ್ನು ಕಾಲಿಲ್ಲದವರು ಹೇಗೆ ದಾಟಬೇಕು ಎಂಬುದನ್ನು ಯಾವ ಸಾಹೇಬನೂ ಹೇಳಲಿಲ್ಲ.

ಹೇಳದೆ ಬಿಟ್ಟದ್ದನ್ನು ಗಾಡಿ ಹೊಡೆಯುವ ಬಾಳು ತುಂಬಿಕೊಡುತ್ತಿದ್ದ. ಬಸ್ಸು ಕಂಡ ಕೂಡಲೇ ನೀಲಮಳ ಒಂದು ಕೋಲು ಕಸಿದುಕೊಂಡು ಓಡುವನು, ಮುಂದಿನ ಕಿಟಕಿಯೊಳಗೆ ಎಸೆಯುವನು, ವಾಪಸು ಓಡಿಬಂದು ತನ್ನ ಹೆಗಲು ಕೊಡುವನು. ಒಂದು ಕಂಕುಳಲ್ಲಿ ಉಳಿದ ಕೋಲು, ಇನ್ನೊಂದರಲ್ಲಿ ಬಾಳು, ಹೀಗೆ ಅವಳು ರಸ್ತೆ ದಾಟುವಳು. ಟಾವೆಲ್ಲನ್ನಾದರೂ ಒಂದು ದಿನ ಯಾರೋ ಸರಿಸಿಯಾರು, ಕುಂಟಿಯ ಕೋಲು ಮುಟ್ಟಿ ಪಾಪ ಕಟ್ಟಿಕೊಳ್ಳಲು ಯಾರೂ ತಯಾರಿರಲಿಲ್ಲ. ಕಂಡಕ್ಟರ್ ಭೀಮಸಿಗೂ ಅದೇ ರೂಢಿಯಾಯಿತು. ಹಿಂದಿನ ಬಾಗಿಲಲ್ಲಿ ನಿಂತು ಜನರ ತಲೆಗಳ ಮೇಲಿಂದ ಮುಂದಕ್ಕೆ ಇಣುಕುವನು. ಕೋಲು ಕಂಡಿತೆಂದರೆ ನೀಲಮ ಹತ್ತಿದಳು, ಡಬಲ್ ಬೆಲ್.

ಪೇಟೆಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅವಳಿಗೊಂದು ಕುರ್ಚಿಯಿತ್ತು. ಗುತ್ತಿಗೆಯ ಕೆಲಸ, ಹುಡುಗರ ಅಂಕ, ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವುದು. ಭೀಮನಗರದಲ್ಲಿ ಅವಳು ಅಕ್ಕುತಾಯಿಯ ಕುಂಟಿ ಮಗಳು. ಆ ಕುರ್ಚಿಯಲ್ಲಿ ಕೂತಳೆಂದರೆ ಮೇಜಿನ ಕೆಳಗೆ ಕಾಲು ಮರೆಯಾಗಿ, ಕಿಂಡಿಯಾಚೆಯ ಹುಡುಗರಿಗೆ ಅವಳು ನೀಲಮ ಮೇಡಂ. ಕಬ್ಬು ಕಡಿಯುವ ಗ್ಯಾಂಗಿಗೆ ನಸುಕಿನಲ್ಲೇ ಹೋಗುವ ಅಕ್ಕುತಾಯಿ, ಇಡೀ ಸೀಮೆಯಲ್ಲಿ ತನ್ನ ಮಗಳೊಬ್ಬಳೇ ಕೂತು ದುಡಿಯುವವಳು ಎಂದು ಗ್ಯಾಂಗಿನವರೆದುರು ಜಂಬ ಕೊಚ್ಚುವಳು. ಆದರೆ ಬಸ್ಸು ಕಾದ ದಿನಗಳಿಗಿಂತ ಕಾಯದೆ ಹೋದ ದಿನಗಳು ಹೆಚ್ಚಾಗುತ್ತ ಬಂದಿದ್ದವು. ಆಫೀಸಿನ ಸೂಪರಿಂಟೆಂಡೆಂಟ್ ಅಣ್ಣಾಸಾಬ ಧ್ವನಿ ಏರಿಸುವ ಮನುಷ್ಯನಲ್ಲ. ಹಿಂದಿನ ದಿನ ಅವಳನ್ನು ಕರೆದು, ನಾಳೆಯೂ ತಡವಾದರೆ ಬರುವ ತ್ರಾಸು ತೆಗೆದುಕೊಳ್ಳಬೇಡ, ಬೇರೆಯವರು ಬರುತ್ತಾರೆ ಎಂದು ತಣ್ಣಗೆ ಹೇಳಿದ್ದ.

ಆ ನಾಳೆ ಬಂತು. ಕಬ್ಬಿನ ಹಂಗಾಮು, ಪುಷ್ಯದ ಮಂಜು. ಫ್ಯಾಕ್ಟರಿಗೆ ಹೋಗುವ ಡಬಲ್ ಟ್ರೇಲರುಗಳು ರಸ್ತೆಯಂಚನ್ನು ಅರೆದು ಹಾಕಿದ್ದವು, ಅದರ ಮೇಲೆ ಹೊಲದ ನೀರು ಹರಿದು ಮೊಣಕಾಲುದ್ದ ರಾಡಿಯಾಗಿತ್ತು. ಬಾಳು ಕೆಳಗಿಳಿದು ನೋಡಿ ತಲೆ ಕೆರೆದುಕೊಂಡ.

“ಅಕ್ಕಾ, ಎರಡೂ ಕೊಡು. ಈ ರಾಡ್ಯಾಗ ಕೋಲು ಊರಾಕ ಬರೂದಿಲ್ಲ. ಎರಡೂ ಒಗದು ಬಂದು ನಿನ್ನ ಬೆನ್ನ ಮ್ಯಾಲ ಹೊತಗೊಂಡ ಹೋಗ್ತೀನಿ.”

“ಎರಡೂ ಬ್ಯಾಡೋ.”

“ಒಂದು ಕೋಲಿದ್ರ ಮಗ್ಗಲಕ ಯಾರರ ಬಂದು ಕುಂದರ್ತಾರ. ಎರಡಿದ್ರ ಎಮ್ಮೆಲ್ಲೆನೂ ಕುಂದರೂದಿಲ್ಲ, ತಾ.”

ನೀಲಮ ನಕ್ಕಳು. ನಗುತ್ತಲೇ ಎರಡೂ ಕೋಲುಗಳನ್ನು ಅವನ ಕೈಗಿಟ್ಟಳು. ಕಸಿದುಕೊಂಡದ್ದಲ್ಲ, ತಾನೇ ಕೊಟ್ಟದ್ದು. ಆಮೇಲೆ ದಿನವಿಡೀ ಅವಳನ್ನು ಕೊರೆದದ್ದು ಇದೇ.

ಮಂಜಿನೊಳಗಿಂದ ಬಸ್ಸು ಬಂತು. ಬಾಳು ಓಡಿದ, ಎಸೆದ, ಕೋಲುಗಳು ಮುಂದಿನ ಸೀಟಿನ ಮೇಲೆ ಹೋಗಿ ಬಿದ್ದವು. ಅವನು ತಿರುಗಿ ಈಚೆ ಬರುವಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು, ಅದರ ಬೆನ್ನಿಗೆ ಒಂದಕ್ಕೊಂದು ಕಟ್ಟಿದ ಎರಡು ಟ್ರೇಲರು, ತೇಕುತ್ತ ನಡುವೆ ನುಗ್ಗಿ ರಸ್ತೆಯನ್ನು ಮುಚ್ಚಿಬಿಟ್ಟವು. ಗಾಡಿಯ ಇಳಿಜಾರು ಹಲಗೆಯ ಮೇಲೆ ಕೂತಿದ್ದ ನೀಲಮಳಿಗೆ ಬರೀ ಕಬ್ಬಿನ ಗೋಡೆ ಕಂಡಿತು. ಗೋಡೆಯಾಚೆ ಎರಡು ಸಲ ಬೆಲ್ಲು ಬಾರಿಸಿದ್ದು ಕೇಳಿಸಿತು. ಟ್ರೇಲರು ದಾಟಿದ ಮೇಲೆ ಆಚೆ ಬದಿಯಲ್ಲಿ ಹೊಗೆ ಇತ್ತು, ಬಸ್ಸು ಇರಲಿಲ್ಲ.

ಬಾಳು ಕೂಗುತ್ತ ಸ್ವಲ್ಪ ದೂರ ಓಡಿ, ಸೋತು ಬಂದು ಭೀಮಸಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಬಸ್ಸಿನ ಗದ್ದಲದ ನಡುವೆ ಭೀಮಸಿಯ ಮಾತು ಅವಳಿಗೂ ಕೇಳುತ್ತಿತ್ತು.

“ಹುಚ್ಚಗಿಚ್ಚ ಹಿಡದೈತೇನಲೇ ನಿನಗ? ಆಕಿ ಇಲ್ಲೇ ಅದಾಳ. ಕೋಲು ಕಾಣಾಕತ್ತಾವ ನನಗ.”

“ಕೋಲು ನೋಡಬ್ಯಾಡೋ ಮಾರಾಯಾ, ಮನಶ್ಯಾರ್ನ ನೋಡು.”

ಅತ್ತ ಜನರನ್ನು ಸರಿಸಿಕೊಂಡು ಮುಂದೆ ಹೋಗುವ ಸಪ್ಪಳ. ಯಾರೋ ಕಾಲು ತುಳಿಸಿಕೊಂಡು ಬೈದರು. ಆಮೇಲೆ ಭೀಮಸಿಯ ಧ್ವನಿ ಇಳಿದುಹೋಯಿತು. “ಸೀಟು ಖಾಲಿ ಐತಿ” ಎಂದ.

ಬಸ್ಸು ಆಗಲೇ ಬಹಳ ಮುಂದೆ ಹೋಗಿತ್ತು. ಹೊಳ್ಳಿಸುವುದಂತೂ ದೂರ, ನಿಲ್ಲಿಸುವುದಕ್ಕೂ ಡ್ರೈವರ್ ಒಪ್ಪಲಿಲ್ಲ. ಕೋಲುಗಳನ್ನು ಪೇಟೆಯ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೈಗೆ ಕೊಟ್ಟು ಹೋಗುತ್ತೇನೆ ಎಂದು ಭೀಮಸಿ ಫೋನಿಟ್ಟ. ಇಡೀ ಬಸ್ಸು ಆ ದಿನ ನಿಂತುಕೊಂಡೇ ಪೇಟೆ ಮುಟ್ಟಿತು. ನೀಲಮಳ ಕೋಲುಗಳು ಮಾತ್ರ ಕೂತುಕೊಂಡು ಹೋದವು.

ಬಾಳು ಗಾಡಿಗೆ ಒರಗಿ ನಿಂತ. ಮುಂದಿನ ಬಸ್ಸಿಗೆ ಹೋದರೆ ಹೊತ್ತು ಮೀರುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಗಾಡಿಯಲ್ಲಿ ಎಣ್ಣೆಯಿತ್ತು, ಕೀಲಿ ಅವನ ಕೈಯಲ್ಲಿತ್ತು, ರಸ್ತೆ ಮುಂದೆ ಬಿದ್ದಿತ್ತು.

“ಫಾಟಾ ದಾಟಿದ್ರ ಜಪ್ತಿ ಅಕ್ಕಾ, ಗಾಡಿ ಹೊಕ್ಕೈತಿ.”

“ದಾಟಿದ್ರ ಗಾಡಿ ಹೊಕ್ಕೈತಿ, ನಿಂತ್ರ ನಾ ಹೊಕ್ಕೇನಿ” ಎಂದಳು ನೀಲಮ.

ಮರುದಿನ ಅದೇ ಗಾಡಿಯಲ್ಲಿ ಕಣ್ಣು ಕಾಣದ ಕಾಮಣ್ಣ ಆಸ್ಪತ್ರೆಗೆ ಹೋಗುವವನಿದ್ದ. ವಾರದ ಸಂತೆಗೆ ದುಂಡವ್ವ ಅದರಲ್ಲೇ ತನ್ನ ಬಳೆಯ ಮಲಾರ ಹಾಕಿಕೊಂಡು ಬರುತ್ತಿದ್ದಳು. ಅದು ನೀಲಮಳಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು, ಆದರೂ ಹೇಳಿದಳು. ಬಡವರ ಹೊಟ್ಟೆಯನ್ನು ಹೀಗೆ ಒಂದರ ಮೇಲೊಂದು ಎತ್ತಿಕಟ್ಟಿ ಇಟ್ಟವರು ಆ ಹೊತ್ತಿನಲ್ಲಿ ಎಲ್ಲೋ ಬಿಸಿನೀರು ಮೀಯುತ್ತಿದ್ದರು. ಬಾಳು ಅವಳನ್ನು ಒಳಗೆ ಕೂಡ್ರಿಸಿ, ಹಲಗೆ ಮಡಚಿ ಗಾಡಿ ಚಾಲೂ ಮಾಡಿದ.

ಮೂರು ಗಾಲಿಯ ಬಡಪಾಯಿ ಗಾಡಿ ಕಬ್ಬಿನ ಟ್ರೇಲರುಗಳ ಹಿಂದೆ ಕುಂಟುತ್ತ ಪೇಟೆ ಮುಟ್ಟುವಾಗ ಕಾಲೇಜಿನ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಹುಡುಗ ಹುಡುಗಿಯರ ನಡುವೆ ಬಾಳುವಿನ ಬೆನ್ನೇರಿ ನೀಲಮ ಮೇಡಂ ಬಂದಳು. ಕೆಲವರು ನಕ್ಕರು, ಕೆಲವರು ಸರಿದು ದಾರಿ ಬಿಟ್ಟರು. ಅವಳಿಗೆ ನಕ್ಕವರಿಗಿಂತ ದಾರಿ ಬಿಟ್ಟವರ ಮುಖ ನೋಡುವುದೇ ಕಷ್ಟವಾಯಿತು. ಆಫೀಸಿನ ಮುದುಕ ಸಿಪಾಯಿ ದುರಗಪ್ಪ ವರಾಂಡದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಅವಳನ್ನು ಆಫೀಸಿನ ಹೊಸ್ತಿಲಲ್ಲಿ ಕೂಡ್ರಿಸಿದ. ಬಾಳು ಕೋಲು ತರಲು ಗಾಡಿ ಹೊಡೆದುಕೊಂಡು ಸ್ಟ್ಯಾಂಡಿಗೆ ಹೋದ.

ಒಳಗೆ ಅವಳ ಕುರ್ಚಿಯಲ್ಲಿ ರಾಜೇಶ್ವರಿ ಎಂಬ ಹೊಸ ಹುಡುಗಿ ಕೂತಿದ್ದಳು. ನೀಲಮಳನ್ನು ಕಂಡು ಅರ್ಧ ಎದ್ದಳು. ಅಣ್ಣಾಸಾಬ ಕೂಡು ಎಂದು ಕೈಮಾಡಿದ, ಅವಳು ಕೂತಳು. ಅಷ್ಟರಲ್ಲೇ ಎಲ್ಲ ಮುಗಿದುಹೋಯಿತು. ಆದರೂ ನೀಲಮ ನಡೆದದ್ದನ್ನೆಲ್ಲ ಹೇಳಿದಳು. ಅಣ್ಣಾಸಾಬ ಪೂರ್ತಿ ಕೇಳಿದ, ನಡುವೆ ಬಾಯಿ ಹಾಕಲಿಲ್ಲ, ಕೋಲುಗಳು ಬಸ್ಸಿನಲ್ಲಿ ಹೋದವೆಂಬಲ್ಲಿ ಅಯ್ಯೋ ಎಂದು ಕೂಡ ಅಂದ.

“ನೋಡವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನಿಂದೂ ತಪ್ಪಲ್ಲ, ಕಂಡಕ್ಟರಂದೂ ತಪ್ಪಲ್ಲ. ಕಾಲೇಜಿಂದಂತೂ ಅಲ್ಲ.”

“ಹಂಗಾರ ಯಾರದ್ರಿ ಸರ?”

ಅಣ್ಣಾಸಾಬ ಚಸ್ಮಾ ಏರಿಸಿಕೊಂಡು ಕಾಗದದ ಕಡೆ ತಿರುಗಿದ. ಈ ನಾಡಿನಲ್ಲಿ ತಪ್ಪು ಯಾರದೂ ಅಲ್ಲದೆ ಆಗುವ ಅನ್ಯಾಯಗಳೇ ಹೆಚ್ಚು. ಯಾರದೂ ಅಲ್ಲವಾದ್ದರಿಂದ ಅವಕ್ಕೆ ಪರಿಹಾರವೂ ಇಲ್ಲ.

ಹೊಸ್ತಿಲಿಂದ ವರಾಂಡದ ಮೂಲೆಗೆ ಕುರ್ಚಿ ಸಮೇತ ಅವಳನ್ನು ಸರಿಸಿದರು. ಸರಿದು ಹೋಗಲು ಅವಳ ಬಳಿ ಕೋಲಿರಲಿಲ್ಲ, ಸರಿಸಿದಲ್ಲಿ ಕೂತಿರಬೇಕಾಯಿತು. ಬಾಳುವಿನ ಫೋನು ಬಂದದ್ದು ಮಧ್ಯಾಹ್ನ. ಬೇರೆಯವರ ಕೈಗೆ ಸಾಮಾನು ಕೊಡಲು ಬರುವುದಿಲ್ಲ, ಕೋಲಿನ ಮಾಲಕರೇ ಬಂದು ಒಯ್ಯಬೇಕೆಂದು ಕಂಟ್ರೋಲರ್ ಹಟ ಹಿಡಿದಿದ್ದನಂತೆ. ಕೋಲಿಲ್ಲದೆ ಆಕೆ ಹೇಗೆ ಬಂದಾಳೆಂದು ಬಾಳು ಕೇಳಿದಾಗ, ಅದು ತನಗೆ ಸಂಬಂಧಿಸಿದ್ದಲ್ಲ ಎಂದನಂತೆ. ಜಗಳ ಹತ್ತಿ ಜನ ಕೂಡಿ, ಗಾಡಿ ಎಲ್ಲಿಯದು, ಇಲ್ಲಿಗೆ ಹೇಗೆ ಬಂತು ಎಂಬ ಮಾತು ಬಂತು. ಸ್ಟ್ಯಾಂಡಿನವರು ಗಾಡಿಯ ಕೀಲಿ ಕಸಿದುಕೊಂಡರು. ತನ್ನನ್ನೂ ಕೂಡ್ರಿಸಿಕೊಂಡಿದ್ದಾರೆ ಎಂದು ಬಾಳು ಮೆಲ್ಲಗೆ ಹೇಳಿದ.

ಹೊತ್ತು ವಾಲಿದ ಮೇಲೆ ಸಂಭಾಜಿಯ ಫೋನು. ಡಿಪೊದ ಸಾಹೇಬರನ್ನು ಕಂಡು ಬಂದಿದ್ದ. ಷರತ್ತು ಮುರಿದು ಫಾಟಾ ದಾಟಿದವರು ಗಾಡಿಯವರೇ, ಹಾಗಾಗಿ ಒಪ್ಪಂದ ನಾಳೆಯಿಂದ ಬಂದ್ ಎಂದಿದ್ದರು. ದಿನಾ ಕಾಯದೆ ಹೋದ ಬಸ್ಸುಗಳು ಮುರಿದದ್ದು ಷರತ್ತಲ್ಲವಂತೆ, ಅದು ಬರೀ ಟೈಮಿನ ತೊಂದರೆ. ಸಂಭಾಜಿಯ ಮಾತಿನಲ್ಲಿ ದಣಿವಿತ್ತು, ಆದರೂ ಸಿಟ್ಟು ಆರಿರಲಿಲ್ಲ.

“ಮತ್ತ ಡಿಪೊ ಮುಂದ ಕುಂದರೂಣು ತಂಗಿ. ನೀ ಬರ್ತೀಯಿಲ್ಲ?”

“ಬರಾಕ ಗಾಡಿ ಬೇಕಲ್ಲಣ್ಣಾ” ಎಂದಳು ನೀಲಮ.

ಅವನು ಬಾಳುವನ್ನು ಬಿಡಿಸಿಕೊಂಡು ಕತ್ತಲಾಗುವುದರೊಳಗೆ ಬರುತ್ತೇವೆ ಎಂದ.

ಆಫೀಸು ಮುಗಿಯುವವರೆಗೆ ಅವರು ಬರಲಿಲ್ಲ. ರಾಜೇಶ್ವರಿ ಚೀಲ ಹೆಗಲಿಗೇರಿಸಿಕೊಂಡು ಅವಳ ಎದುರಿಂದಲೇ ಹೋದಳು. ಗೇಟಿಗೆ ಕೀಲಿ ಹಾಕುವ ಹೊತ್ತಾಯಿತು, ಯಾರೂ ಒಳಗಿರಬಾರದೆಂದು ಅಣ್ಣಾಸಾಬ ದುರಗಪ್ಪನಿಗೆ ಹೇಳಿ ಸ್ಕೂಟರ್ ಹತ್ತಿದ. ದುರಗಪ್ಪ, ಕಾವಲುಗಾರ ಇಬ್ಬರೂ ಕೂಡಿ ಕುರ್ಚಿಯ ಎರಡು ಬದಿ ಹಿಡಿದು, ಪಾಲಕಿ ಹೊತ್ತ ಹಾಗೆ ನೀಲಮಳನ್ನು ಹೊತ್ತು ತಂದು ಗೇಟಿನ ಹೊರಗೆ ರಸ್ತೆಯ ಬದಿಗಿಟ್ಟರು.

ಕಾವಲುಗಾರ ಒಳಗೆ ಹೋದ. ದುರಗಪ್ಪ ಹೋಗಲಿಲ್ಲ, ಅಲ್ಲೇ ನಿಂತ. ಹೆಗಲ ಮೇಲಿನ ವಸ್ತ್ರದ ತುದಿ ತಿರುವುತ್ತ ರಸ್ತೆ ನೋಡಿದ, ಗೇಟು ನೋಡಿದ. ಅವಳು ತನ್ನ ಮೇಲಿನ ಕರುಣೆಗೆ ನಿಂತಿದ್ದಾನೆ ಎಂದುಕೊಂಡಳು.

“ನೀವು ಹೋಗ್ರಿ ಕಾಕಾ, ಅವರು ಬರ್ತಾರ.”

“ಹೋಗ್ತೇನವಾ.” ಅವನ ಕಣ್ಣು ನೆಲದ ಮೇಲಿತ್ತು. “ಕುರ್ಚಿ ಒಳಗ ಇಡಬೇಕಿತ್ತು.”

ನೀಲಮಳಿಗೆ ತಡವಾಗಿ ತಿಳಿಯಿತು. ಒಂದು ಕ್ಷಣ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಬಿಡುವುದಿಲ್ಲ, ಹೋಗಿ ನಿಮ್ಮ ಸಾಹೇಬನಿಗೆ ಹೇಳಿ ಎನ್ನಬೇಕೆನಿಸಿತು. ಆದರೆ ನಾಳೆ ಆ ಕುರ್ಚಿಗೆ ಉತ್ತರ ಕೊಡಬೇಕಾದವನು ಸ್ಕೂಟರಿನಲ್ಲಿ ಹೋದವನಲ್ಲ, ಎದುರು ನಿಂತ ಈ ಬಡಕಲು ಮುದುಕ. ಅವಳು ಕೈ ಸಡಿಲಿಸಿದಳು. ಅವನು ಹಿಡಿಯಲು ಬಂದ, ಬೇಡವೆಂದಳು. ಎರಡೂ ಕೈಗಳಿಂದ ಮೈಯನ್ನು ಮುಂದಕ್ಕೆ ತಳ್ಳಿಕೊಂಡು, ಸೀರೆ ಸರಿಮಾಡಿಕೊಂಡು, ಕೆಮ್ಮಣ್ಣಿನ ಮೇಲೆ ತಾನೇ ಇಳಿದಳು.

ದುರಗಪ್ಪ ಕುರ್ಚಿಯನ್ನು ವಸ್ತ್ರದಿಂದ ಒರೆಸಿ ಎತ್ತಿಕೊಂಡ. ಗೇಟು ಮುಚ್ಚಿತು, ಸರಪಳಿ ಎಳೆದ ಸಪ್ಪಳವಾಯಿತು.

ರಸ್ತೆಯಲ್ಲಿ ಬಸ್ಸುಗಳು, ಮಾಲಕರೇ ಬರಲಿ ಎಂದು ಅವಳ ಕೋಲು ಹಿಡಿದಿಟ್ಟ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದವು. ನೀಲಮ ಸ್ವಲ್ಪ ಹೊತ್ತು ಅವುಗಳ ಗಾಲಿಗಳನ್ನೇ ನೋಡಿದಳು. ಆಮೇಲೆ ಅಂಗೈಗಳನ್ನು ಡಾಂಬರಿನ ಮೇಲೆ ಊರಿ, ಅವು ಹೋಗುವ ಕಡೆಗೆ ತೆವಳತೊಡಗಿದಳು.