ಹೋದಿಯೆ ಮಿಹಿ, ಕ್ರಾಸ್ ತಿಬಿ

ಮಣಿಪಾಲದ ಯುವಕರ ಕ್ಲಬ್ಬೊಂದು ನಡೆಸಿದ ನಿಧಿಶೋಧ ಸ್ಪರ್ಧೆಗೆ ಹರಿಣಾಕ್ಷಿ ಸೇರಿದ್ದು ಯೋಗೀಶನ ಒತ್ತಾಯಕ್ಕೆ. ಇಬ್ಬರೂ ಉಡುಪಿಯ ಒಂದೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮೊದಲ ಮೂರು ಒಗಟು ಸುಲಭವಾಗಿಯೇ ಬಿಡಿಸಿದರು. ಕಟಪಾಡಿಯಲ್ಲಿ ಸಿಕ್ಕಿದ ನಾಲ್ಕನೆಯ ಚೀಟಿಯಲ್ಲಿ ಮಾತ್ರ ‘ಹೋದಿಯೆ ಮಿಹಿ, ಕ್ರಾಸ್ ತಿಬಿ’ ಎಂದು ಬರೆದು, ಕೆಳಗೆ ‘ಶಿರ್ವ’ ಎಂದಿತ್ತು. ಮೊಬೈಲಿನಲ್ಲಿ ಹುಡುಕಿದರೆ ‘ಇಂದು ನನಗೆ, ನಾಳೆ ನಿನಗೆ’ ಎಂಬ ಅರ್ಥ ಬಂತು. ಬೈಕ್ ಬಾಡಿಗೆಗೆ ಕೊಡುವ ಅಂಗಡಿ ಇರಬೇಕೆಂದ ಯೋಗೀಶ. ಶಿರ್ವ ಪೇಟೆಯಲ್ಲಿ ಅರ್ಧ ಗಂಟೆ ಸುತ್ತಿದರೂ ಅಂಥದ್ದು ಸಿಗಲಿಲ್ಲ.

ಕೊನೆಗೆ ಹರಿಣಾಕ್ಷಿ ಯೋಗೀಶನನ್ನು ಕರೆದುಕೊಂಡು, ಹೈಸ್ಕೂಲಿನಲ್ಲಿ ತನಗೆ ಕಲಿಸಿದ, ಅದೇ ಊರಿನ ಸೆಲೀನ್ ಟೀಚರ ಮನೆಗೆ ಹೋದಳು. ಇದು ಲ್ಯಾಟಿನ್, ಗುಡ್ಡದ ಬದಿಯ ಕ್ರೈಸ್ತರ ಹಳೆಯ ಸ್ಮಶಾನದ ಬಾಗಿಲ ಮೇಲೆ ಕೆತ್ತಿದ್ದಾರೆ ಎಂದರು ಟೀಚರು.

“ನನಗೆ, ನಿನಗೆ ಅಂದರೆ ಎಂತ ಸಿಗುವುದು ಟೀಚರ್?”

“ಸಾವು. ಮಣ್ಣಿನೊಳಗೆ ಇರುವವರು ನಮಗೆ ಹೇಳುವ ಮಾತು ಅದು. ಇದನ್ನು ಆಟಕ್ಕೆ ಯಾರು ಕೊಟ್ಟದ್ದು?” ಅವರೂ ಚಪ್ಪಲಿ ಮೆಟ್ಟಿ ಹೊರಟರು.

ಅಲ್ಲಿ ಓಸ್ವಾಲ್ಡ್ ಎಂಬವರನ್ನು ಮಣ್ಣು ಮಾಡಿ ಐದು ದಿನವಾಗಿತ್ತಷ್ಟೆ. ಮುಂಚೆ ಬಂದ ತಂಡಗಳು ಆ ಸಮಾಧಿಯ ಹೂಮಾಲೆಗಳನ್ನು ಎಳೆದು ಬಿಸಾಡಿ, ಕೋಲಿನಿಂದ ಮಣ್ಣು ಕೆದಕಿದ್ದವು. ಕೊಳೆತ ಸೇವಂತಿಗೆಯ ನಡುವೆ ಚಿಪ್ಸಿನ ತೊಟ್ಟೆ. ಮರದ ಶಿಲುಬೆಯ ಬುಡದಲ್ಲಿ ಹೂತಿಟ್ಟ ಪ್ಲಾಸ್ಟಿಕ್ ಡಬ್ಬಿ.

“ಇನ್ನು ನಾಲ್ಕೇ ಚೀಟಿ ಉಂಟು,” ಎಂದು ಯೋಗೀಶ ಒಂದನ್ನು ತೆಗೆದುಕೊಂಡ.

ಡಬ್ಬಿಯತ್ತ ತನ್ನ ಕೈಯೂ ಚಾಚಿತ್ತೆಂದು ಹರಿಣಾಕ್ಷಿಗೆ ಆಗ ಅರಿವಾಯಿತು. ಕೈ ಹಿಂದಕ್ಕೆಳೆದುಕೊಂಡಳು. ಟೀಚರು ಕುಕ್ಕರಗಾಲಲ್ಲಿ ಕೂತು ಹೂವು ಹೆಕ್ಕುತ್ತಿದ್ದರು. ತಾನಿನ್ನು ಬರುವುದಿಲ್ಲವೆಂದಳು ಹರಿಣಾಕ್ಷಿ. ಸತ್ತವರಿಗೆ ಎಂತ ಗೊತ್ತಾಗುತ್ತದೆಂದು ನಕ್ಕು ಯೋಗೀಶ ಬೈಕು ಹತ್ತಿದ.

ಕಟಪಾಡಿಯ ಚೀಟಿಯ ಹಿಂಬದಿಯಲ್ಲಿದ್ದ ಕ್ಲಬ್ಬಿನ ನಂಬರಿಗೆ ಅವಳು ಫೋನು ಮಾಡಿ ಸಮಾಧಿಯ ಗತಿ ಹೇಳಿದಳು. ಸ್ಪರ್ಧೆ ನಡೆಸುವ ವಿಕಾಸ್ ಎಂಬವನು, ಎಲ್ಲರಿಗೂ ಆ ಜಾಗವೇ ಬಹಳ ಇಷ್ಟವಾಗಿದೆ, ತಂಡಗಳು ಅಲ್ಲಿ ತೆಗೆದು ಹಾಕಿದ ವಿಡಿಯೊ ಕೂಡ ಚೆನ್ನಾಗಿ ಓಡುತ್ತಿದೆ ಎಂದು ನಕ್ಕ.

“ಸ್ವಲ್ಪ ಥ್ರಿಲ್ ಬೇಕಲ್ವಾ ಮೇಡಂ?”

ಅವಳು ಫೋನು ಕತ್ತರಿಸಿದಳು. ಅವನ ನಗು ಕಿವಿಗೆ ಜಿಡ್ಡಿನಂತೆ ಅಂಟಿತ್ತು. ಡಬ್ಬಿಯನ್ನು ಚೀಲಕ್ಕೆ ಹಾಕಿ, ಟೀಚರೊಂದಿಗೆ ಮಣ್ಣು ಸರಿಮಾಡಿದಳು. ಆಮೇಲೆ ಬಂದ ಎರಡು ತಂಡಗಳನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದಳು. ಅವರಲ್ಲೊಬ್ಬಳು ಹರಿಣಾಕ್ಷಿಯದ್ದೂ ವಿಡಿಯೊ ತೆಗೆದಳು.

ಯೋಗೀಶನಿಗೆ ಎರಡನೆಯ ಬಹುಮಾನ ಬಂತು. ಮರುದಿನ ಅವಳ ಪಾಲಿನದ್ದೆಂದು ಒಂದು ಮಿಕ್ಸಿ ತಂದು ಕೌಂಟರಿನ ಮೇಲಿಟ್ಟ. ಹರಿಣಾಕ್ಷಿ ಅದನ್ನು ಮುಟ್ಟಲಿಲ್ಲ. ತನ್ನನ್ನು ಕಾಪುವಿನಲ್ಲಿದ್ದ ಇನ್ನೊಂದು ಅಂಗಡಿಗೆ ಹಾಕುವಂತೆ ಅಂದೇ ಮಾಲಕರಲ್ಲಿ ಕೇಳಿಕೊಂಡಳು.